ಸ್ವರಲಿಪಿ ಬಲ್ಲ ಅರಸರು

ಓದು ಬಲ್ಲವನೆಂದರೆ ಯಾರು ಎಂದು ಎರಡು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನು ತಡವರಿಸದೆ ಉತ್ತರ ಹೇಳುತ್ತಿದ್ದೆ. ಪುಸ್ತಕವನ್ನು ಬಿಡಿಸಿ ಅದರಲ್ಲಿರುವುದನ್ನು ತಿಳಿದುಕೊಳ್ಳಬಲ್ಲವನು ಓದು ಬಲ್ಲವನು, ಉಳಿದವರು ಬಲ್ಲವರಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲನ್ನು ದಾಟಿದವನು ನಾನೊಬ್ಬನೇ ಆದುದರಿಂದ ಈ ಉತ್ತರದಲ್ಲಿ ಸ್ವಲ್ಪ ಅಹಂಕಾರವೂ ಬೆರೆತಿತ್ತೆಂದು ಒಪ್ಪಿಕೊಳ್ಳಬೇಕು. ಆ ಅಹಂಕಾರ ಇಳಿದ ಬಗೆಯನ್ನೂ, ಅದು ಇಳಿಯುವುದಕ್ಕೆ ಮೈಸೂರಿನ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರ ಜೀವನಚರಿತ್ರೆ ಹೇಗೆ ನೆರವಾಯಿತೆಂಬುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನನ್ನ ಊರು ಕೊಲ್ಲಮೊಗ್ರು. ಸುಬ್ರಹ್ಮಣ್ಯದ ಸಮೀಪ, ಘಟ್ಟದ ಬುಡದಲ್ಲಿರುವ ಹಳ್ಳಿ; ಬೆಟ್ಟದ ಆಚೆಗೆ ಕೊಡಗು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮನೆಯಿಂದ ಹೊರಗೆ ಹೊರಡುವುದೇ ದುಸ್ತರ. ಅಪ್ಪ ಐದನೆಯ ತರಗತಿಗೆ ಶಾಲೆ ಬಿಟ್ಟವರು. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ರಬ್ಬರು. ಉಳಿದ ದಿನಗಳಲ್ಲಿ ಬೇರೆಯವರ ತೋಟದಲ್ಲಿ ಕೆಲಸ. ಆದರೆ ಊರಿನಲ್ಲಿ ತಾಳಮದ್ದಳೆ ಇದ್ದರೆ ಅಪ್ಪನಿಗೆ ಕರೆ ಬಾರದೆ ಇರುವುದಿಲ್ಲ. ಅವರು ಭಾಗವತಿಕೆಯನ್ನು ಯಾವ ಶಾಲೆಯಲ್ಲೂ ಕಲಿತವರಲ್ಲ. ಹುಡುಗರಾಗಿದ್ದಾಗ ಇರುಳಿಡೀ ಚೆಂಡೆಯ ಬಳಿ ಕುಳಿತು ಕೇಳಿದ್ದೇ ಅವರ ಪಾಠ. ಪ್ರಸಂಗದ ಪುಸ್ತಕದಲ್ಲಿ ಪದ್ಯದ ಮೇಲೆ ರಾಗದ ಹೆಸರು, ತಾಳದ ಹೆಸರು ಇವೆರಡೇ ಇರುತ್ತವೆ. ಹಾಡುವ ಧಾಟಿ ಪುಸ್ತಕದಲ್ಲಿ ಇರುವುದಿಲ್ಲ. ಅದು ಅಪ್ಪನ ಕಿವಿಯಲ್ಲಿದೆ.

ನಾನು ದ್ವಿತೀಯ ವರ್ಷದ ಬಿ. ಎ. ಓದುತ್ತಿದ್ದಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ತನಗೆ ಬೇಡವಾದ ಒಂದು ಹಳೆಯ ಗಿಟಾರನ್ನು ನನಗೆ ಕೊಟ್ಟನು. ಜೊತೆಗೆ ಒಂದು ತೆಳ್ಳನೆಯ ಪುಸ್ತಕ. ಅದರ ಪುಟಗಳ ತುಂಬ ಆರಾರು ಅಡ್ಡಗೆರೆಗಳು, ಗೆರೆಗಳ ಮೇಲೆ ಸಂಖ್ಯೆಗಳು. ಇದಕ್ಕೆ ಟ್ಯಾಬ್ಲೆಚರ್ ಎಂದು ಹೆಸರು. ಹುಡುಗರು ಟ್ಯಾಬ್ ಎನ್ನುತ್ತಾರೆ. ಗಿಟಾರಿಗೆ ಆರು ತಂತಿ. ಒಂದೊಂದು ಗೆರೆ ಒಂದೊಂದು ತಂತಿ. ಸಂಖ್ಯೆಯು ಎಷ್ಟನೆಯ ಮೆಟ್ಟಿಲಲ್ಲಿ ಬೆರಳೊತ್ತಬೇಕೆಂಬುದನ್ನು ಹೇಳುತ್ತದೆ; ಸೊನ್ನೆ ಇದ್ದರೆ ಬೆರಳಿಡದೆ ಬರಿಯ ತಂತಿಯನ್ನು ಮೀಟಬೇಕು. ಸಂಗೀತದ ಗಂಧವಿಲ್ಲದವನೂ ಒಂದು ಗಂಟೆಯಲ್ಲಿ ತಿಳಿಯಬಹುದಾದ ಲಿಪಿ. ಸ್ವರದ ಹೆಸರನ್ನು ಅದು ಹೇಳುವುದೇ ಇಲ್ಲ; ಕೈ ಎಲ್ಲಿರಬೇಕೆಂಬುದನ್ನಷ್ಟೇ ಹೇಳುತ್ತದೆ.

ಗುರುವಿಲ್ಲದೆ ಕಲಿಯಬಹುದೆಂದು ನನಗೆ ಹಿಗ್ಗು. ಒಂದು ತಿಂಗಳು ದಿನವೂ ಸಾಯಂಕಾಲ ಜಗಲಿಯಲ್ಲಿ ಕುಳಿತು ಮೊದಲನೆಯ ಪಾಠವನ್ನು ನುಡಿಸಿದೆ. ಅಪ್ಪ ಅಂಗಳದ ಬದಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಒಂದು ದಿನ ಕೈ ನಿಲ್ಲಿಸಿ, ಅದು ಮೇಲಕ್ಕೆ ಹೋಗಬೇಕಾದಲ್ಲಿ ಕೆಳಕ್ಕೆ ಬರುತ್ತಿದೆಯಲ್ಲ ಎಂದರು. ಪುಸ್ತಕದಲ್ಲಿ ಹೀಗೆಯೇ ಬರೆದಿದೆ ಎಂದು ನಾನು ಬಿರುಸಾಗಿ ಉತ್ತರ ಕೊಟ್ಟೆ. ಪುಸ್ತಕದಲ್ಲಿದ್ದರೆ ಸರಿಯಾಗಿರಬೇಕು ಎಂದು ಹೇಳಿ ಅಪ್ಪ ಮತ್ತೆ ಅಡಿಕೆಯ ಕಡೆಗೆ ತಿರುಗಿದರು. ಆ ಮಾತನ್ನು ಅವರು ವ್ಯಂಗ್ಯವಾಗಿ ಆಡಲಿಲ್ಲ. ಓದಿದ ಮಗನ ಎದುರು ತನ್ನ ಕಿವಿಯನ್ನೇ ಸುಳ್ಳೆಂದು ಒಪ್ಪಿಕೊಂಡು ಆಡಿದರು. ಇಂದು ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಏಕೆಂದರೆ ತಪ್ಪು ನನ್ನದಾಗಿತ್ತು. ಚರ್ಚಿನ ಹಾಡಿನ ಗುಂಪಿನಲ್ಲಿ ಗಿಟಾರ್ ನುಡಿಸುವ ಸಹಪಾಠಿಯೊಬ್ಬ ಒಂದು ದಿನ ನನ್ನ ಪುಸ್ತಕವನ್ನೂ ಕೈಯನ್ನೂ ನೋಡಿ ಬಿದ್ದು ಬಿದ್ದು ನಕ್ಕನು. ಟ್ಯಾಬಿನಲ್ಲಿ ಎಲ್ಲಕ್ಕಿಂತ ಮೇಲಿನ ಗೆರೆ ಅತಿ ತೆಳುವಾದ ತಂತಿಯದು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ ಆ ತಂತಿ ಇರುವುದು ಎಲ್ಲಕ್ಕಿಂತ ಕೆಳಗೆ. ನಾನೋ ಮೇಲಿನ ಗೆರೆಯೆಂದರೆ ನನ್ನ ಮುಖಕ್ಕೆ ಹತ್ತಿರವಿರುವ ದಪ್ಪ ತಂತಿಯೆಂದು ತಿಳಿದು ಇಡೀ ಪಾಠವನ್ನು ತಲೆಕೆಳಗಾಗಿ ಓದಿದ್ದೆ. ಪುಸ್ತಕವನ್ನು ಓದಲಾರದ ಅಪ್ಪನ ಕಿವಿಗೆ ತಿಳಿದದ್ದು, ಪುಸ್ತಕ ಹಿಡಿದ ನನಗೆ ತಿಳಿದಿರಲಿಲ್ಲ.

ಈ ಅವಮಾನದ ಬಳಿಕ ಸ್ವರಗಳನ್ನು ಬರೆದಿಡುವ ಪದ್ಧತಿಗಳ ವಿಚಾರವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. 1507ರಲ್ಲಿಯೇ ಇಟಲಿಯ ವೆನಿಸ್ ನಗರದಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕಾಗಿ ಇಂತಹ ಗೆರೆ ಸಂಖ್ಯೆಗಳ ಪುಸ್ತಕ ಅಚ್ಚಾಗಿತ್ತು. ಆ ಇಟಲಿಯ ಪದ್ಧತಿಯಲ್ಲಿ ಮೇಲಿನ ಗೆರೆ ದಪ್ಪ ತಂತಿಯದಾಗಿದ್ದಿತಂತೆ. ಎಂದರೆ ನನ್ನ ತಪ್ಪು ಐನೂರು ವರ್ಷಗಳ ಹಿಂದೆ ಅಲ್ಲಿ ಸರಿಯಾಗಿತ್ತು! ನಮ್ಮ ನಾಡಿನಲ್ಲಿ ಪುರಂದರದಾಸರ ಕಾಲದಿಂದ ಬಂದುದೆಂದು ಹೇಳುವ ಸರಳೆ ವರಸೆಗಳನ್ನು ಸರಿಗಮಗಳಿಂದಲೇ ಬರೆಯುತ್ತಾರೆ. 1904ರಲ್ಲಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ಅಚ್ಚು ಹಾಕಿಸಿದ ಮಹಾಗ್ರಂಥದಲ್ಲಿ ಗಮಕಗಳಿಗೆ ಕೂಡ ಬೇರೆ ಬೇರೆ ಚಿಹ್ನೆಗಳನ್ನು ಕೊಟ್ಟರು. ಹೀಗೆ ಓದುತ್ತ ಹೋದಾಗ, ಪಾಶ್ಚಾತ್ಯರ ಐದು ಗೆರೆಯ ಸ್ವರಲಿಪಿಯನ್ನು ನೀರು ಕುಡಿದಂತೆ ಓದಬಲ್ಲವರಾಗಿದ್ದೂ, ಬಳಿಕ ವೀಣೆಯ ಮುಂದೆ ಶಿಷ್ಯರಾಗಿ ಕುಳಿತ ಒಬ್ಬ ಅರಸರ ಕಥೆ ನನ್ನ ಕಣ್ಣಿಗೆ ಬಿತ್ತು.

ಶ್ರೀ ಜಯಚಾಮರಾಜ ಒಡೆಯರು 1919ನೆಯ ಇಸವಿ ಜುಲೈ 18ರಂದು ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪನವರೇ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಸಿಂಹಾಸನವು ತಮ್ಮನ ಮನೆಯ ಕಡೆಗೆ ಹೋಗಬೇಕಾಗಿದ್ದಿತು.

ಅರಮನೆಯಲ್ಲಿ ಆ ಕಾಲದಲ್ಲಿ ಎರಡು ಬಗೆಯ ಸಂಗೀತ ಒಂದೇ ಮಾಡಿನ ಕೆಳಗೆ ಬಾಳುತ್ತಿದ್ದವು. ಒಂದು ಕಡೆ ಆಸ್ಥಾನ ವಿದ್ವಾಂಸರು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಇಳಿದು ಬಂದ ವಿದ್ಯೆ. ಇನ್ನೊಂದು ಕಡೆ ಅರಮನೆಯ ಪಾಶ್ಚಾತ್ಯ ಬ್ಯಾಂಡು. ಅದರ ವಾದಕರ ಮುಂದೆ ಸ್ವರಲಿಪಿಯ ಹಾಳೆ ಇರಲೇಬೇಕು. ಬಸವಪ್ಪ ಶಾಸ್ತ್ರಿಗಳು ರಚಿಸಿದ ಮೈಸೂರು ಸಂಸ್ಥಾನದ ನಾಡಗೀತೆಯು ಶಂಕರಾಭರಣ ರಾಗದಲ್ಲಿದ್ದು ಬ್ಯಾಂಡಿನಲ್ಲಿ ಮೊಳಗುತ್ತಿತ್ತು. ಶಂಕರಾಭರಣದ ಏಳು ಸ್ವರಗಳೂ ಪಾಶ್ಚಾತ್ಯರ ಮೇಜರ್ ಸ್ಕೇಲಿನ ಏಳು ಸ್ವರಗಳೂ ಒಂದೇ ಆದುದರಿಂದ ಎರಡು ಸಂಗೀತಗಳು ಅಲ್ಲಿ ಸುಲಭವಾಗಿ ಕೈಕುಲುಕಿದವು. ಸ್ವತಃ ನಾಲ್ವಡಿಯವರೂ ವೀಣೆ, ಪಿಟೀಲು, ಪಿಯಾನೋ ಮೊದಲಾದ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು.

ಬಾಲಕ ಜಯಚಾಮರಾಜರ ಮನಸ್ಸು ಮೊದಲು ಹರಿದದ್ದು ಪಿಯಾನೋದ ಕಡೆಗೆ. ಪಿಯಾನೋ ಕಲಿಯುವವನಿಗೆ ಲಿಪಿಯಿಲ್ಲದೆ ಗತಿಯಿಲ್ಲ. ಐದು ಗೆರೆಗಳು, ಗೆರೆಯ ಮೇಲೂ, ಗೆರೆಗಳ ನಡುವಿನ ತೆರವಿನಲ್ಲೂ ಬಿಂದುಗಳು. ಬಿಂದು ಎಷ್ಟು ಮೇಲಿದೆಯೋ ಸ್ವರ ಅಷ್ಟು ಎತ್ತರ; ಬಿಂದುವಿನ ಆಕಾರದಿಂದ ಕಾಲದ ಅಳತೆ. ಬಲಗೈಗೆ ಒಂದು ಸಾಲು, ಎಡಗೈಗೆ ಇನ್ನೊಂದು ಸಾಲು. ಎರಡನ್ನೂ ಏಕಕಾಲಕ್ಕೆ ಓದಬೇಕು. ಟ್ಯಾಬಿನ ಒಂದೇ ಸಾಲನ್ನು ತಲೆಕೆಳಗಾಗಿ ಓದಿದ ನನಗೆ ಇದರ ಕಷ್ಟ ಊಹೆಗೆ ನಿಲುಕುತ್ತದೆ. ಜಯಚಾಮರಾಜರು ಇದನ್ನು ಅರಮನೆಯ ಹುಡುಗನ ಹವ್ಯಾಸವೆಂದು ಭಾವಿಸಲಿಲ್ಲ. ವಿದ್ಯೆಯೆಂದು ಭಾವಿಸಿ ಸಾಧಿಸಿದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯನ್ನು ಗಳಿಸಿದರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಮಾಡಿಕೊಂಡಿತು. ಈ ನಡುವೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರರಾದರು.

ಪಿಯಾನೋ ವಾದಕರಾಗಿ ಸಭೆಗಳಲ್ಲಿ ನುಡಿಸಬೇಕೆಂಬುದು ಅವರ ಎಳೆಯ ವಯಸ್ಸಿನ ಆಸೆಯಾಗಿತ್ತು. ಆದರೆ 1940ನೆಯ ಇಸವಿ ಆ ಆಸೆಗೆ ಅಡ್ಡ ಬಂದಿತು. ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪನವರಾದ ನಾಲ್ವಡಿಯವರೂ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಪಟ್ಟಾಭಿಷೇಕ. ಆಗ ಅವರಿಗೆ ಇಪ್ಪತ್ತೊಂದು ವರ್ಷ; ಹೆಚ್ಚು ಕಡಿಮೆ ಇಂದಿನ ನನ್ನ ಪ್ರಾಯ. ಅರಸನಾಗುವುದು ಎಲ್ಲರೂ ಬಯಸುವ ಭಾಗ್ಯವೆಂದು ನಾವು ತಿಳಿಯುತ್ತೇವೆ. ಬೇರೆ ಏನನ್ನೋ ಆಗಬೇಕೆಂದು ಬಯಸಿದ್ದ ಯುವಕನಿಗೆ ಅದು ಹೇಗೆ ಕಂಡಿತೋ! ಮನೆಯ ಹೊಣೆ ಹೆಗಲಿಗೆ ಬಿದ್ದು ಓದು ಬಿಟ್ಟವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಮನೆ ಗುಡಿಸಲಾಗಿರಲಿ, ಅರಮನೆಯಾಗಿರಲಿ, ಹೊಣೆ ಹೊಣೆಯೇ.

ಸಭೆಯಲ್ಲಿ ನುಡಿಸುವ ಯೋಗ ಹೋದರೂ ಕೇಳುವ ಯೋಗವನ್ನು ಅವರು ಬಿಡಲಿಲ್ಲ. ಅವರ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಸುಮಾರು 20,000ದಷ್ಟಿತ್ತೆಂದು ಅಂದಾಜು ಮಾಡಿದ್ದಾರೆ. ಅವರಿಗೆ ಅತ್ಯಂತ ಪ್ರಿಯನಾದ ಸಂಗೀತಕಾರನೆಂದರೆ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಸ್ವದೇಶವನ್ನು ತೊರೆದು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಪಿಯಾನೋ ವಾದಕ ಮತ್ತು ರಚನಕಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆತನ ಕೈ ಬರಿದಾಗಿತ್ತು. ಆತನ ಕೃತಿಗಳನ್ನು ಕೇಳುವವರೂ ಕಡಿಮೆಯಾಗಿದ್ದರು. ಆತನನ್ನು ಕಣ್ಣಿನಿಂದ ಕಾಣದೆ, ಬರಿಯ ಅಚ್ಚಾದ ಹಾಳೆಗಳಿಂದಲೂ ತಟ್ಟೆಗಳಿಂದಲೂ ಅರಿತ ಮೈಸೂರಿನ ಅರಸರು ಆತನ ನೆರವಿಗೆ ನಿಂತರು. ಅವರ ಧನಸಹಾಯದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. 1947ರಿಂದ ಮುಂದಕ್ಕೆ ಮುದುಕನಾದ ಮೆಟ್ನರನೇ ತನ್ನ ಮೂರು ಪಿಯಾನೋ ಕಾನ್ಸರ್ಟೋಗಳನ್ನೂ ಇತರ ರಚನೆಗಳನ್ನೂ ನುಡಿಸಿ ಮುದ್ರಿಸುವಂತಾಯಿತು. ಮೂರನೆಯ ಕಾನ್ಸರ್ಟೋವನ್ನು ಆತ ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಆತ ತೀರಿಕೊಂಡನು. ಆತನ ಕೈಯ ನಾದ ಇಂದಿಗೂ ಕೇಳಸಿಗುವುದಕ್ಕೆ ನಮ್ಮ ನಾಡಿನ ಅರಸರೊಬ್ಬರು ಕಾರಣರೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು.

ಇದೇ ಕಾಲದಲ್ಲಿ ವಾಲ್ಟರ್ ಲೆಗ್ ಎಂಬವರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದವನ್ನು ಕಟ್ಟಿದ್ದರು. ಅವರನ್ನು ಒಡೆಯರು ಮೈಸೂರಿಗೆ ಕರೆಸಿಕೊಂಡರು. ಮುಂದೆ 1948ರಲ್ಲಿ ಆ ವೃಂದದ ಕಛೇರಿಗಳನ್ನು ನಡೆಸುವ ಸಂಘಕ್ಕೆ ಒಡೆಯರೇ ಮೊದಲನೆಯ ಅಧ್ಯಕ್ಷರಾದರು. ಜರ್ಮನಿಯ ಪ್ರಸಿದ್ಧ ರಚನಕಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡಾಗ ಆತನ ಕೊನೆಯ ನಾಲ್ಕು ಹಾಡುಗಳನ್ನು ಇನ್ನೂ ಯಾರೂ ಸಭೆಯಲ್ಲಿ ಹಾಡಿರಲಿಲ್ಲ. 1950ನೆಯ ಇಸವಿ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವುಗಳ ಪ್ರಥಮ ಗಾಯನ ನಡೆಯಿತು. ಹಾಡಿದಾಕೆ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ 4,800 ಡಾಲರುಗಳ ಹಣದ ಭರವಸೆಯನ್ನು ಕೊಟ್ಟವರು ಒಡೆಯರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಅಂದಿನ ಗಾಯನವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡುವ ಏರ್ಪಾಡಾಯಿತು.

ಇಲ್ಲಿ ಒಂದು ಪ್ರಶ್ನೆ ಏಳದೆ ಇರದು. ಅರಸರ ಹಣವೆಂದರೆ ಅದರ ಬೇರು ಪ್ರಜೆಗಳ ಬೆವರಿನಲ್ಲಿರುತ್ತದೆ. ದೂರದ ಲಂಡನ್ನಿನ ಸಂಗೀತಕ್ಕೆ ಅದನ್ನು ವ್ಯಯ ಮಾಡಿದುದು ಸರಿಯೇ? ಇತಿಹಾಸದ ವಿದ್ಯಾರ್ಥಿಯಾದ ನಾನು ಈ ಪ್ರಶ್ನೆಯನ್ನು ನುಂಗಿಕೊಳ್ಳಲಾರೆ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದಾಗ ಸೆರೆಮನೆಗಳು ತುಂಬಿದ್ದುವೆಂಬುದೂ ನಿಜ. ಅಕ್ಟೋಬರಿನಲ್ಲಿ ಅರಸರು ಅದಕ್ಕೆ ಒಪ್ಪಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತೆಂಬುದೂ ನಿಜ. ಇಂದು ಯಾವ ಅರಸನ ಕೃಪೆಯೂ ಬೇಕಿಲ್ಲದೆ ಕೂಲಿಯವನ ಮಗ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ಇದು ಆ ಬದಲಾವಣೆಯ ಫಲ. ಆದರೂ ಅದೇ ಅರಸರು ಋಗ್ವೇದವೂ ಸೇರಿದಂತೆ ಸಂಸ್ಕೃತದ ಅನೇಕ ಗ್ರಂಥಗಳನ್ನು ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಕನ್ನಡಕ್ಕೆ ತರಿಸಿ ಸಾಮಾನ್ಯರ ಕೈಗೆ ಎಟಕುವಂತೆ ಮಾಡಿದರೆಂಬುದನ್ನೂ ಮರೆಯಬಾರದು.

ಇನ್ನು ನನ್ನ ಮನಸ್ಸನ್ನು ಸೆಳೆದ ಸಂಗತಿಗೆ ಬರುತ್ತೇನೆ. ಪಟ್ಟಕ್ಕೆ ಬಂದ ಮೇಲೆ ಒಡೆಯರ ಒಲವು ಕರ್ನಾಟಕ ಸಂಗೀತದ ಕಡೆಗೆ ಬಲವಾಗಿ ತಿರುಗಿತು. ಆಸ್ಥಾನದಲ್ಲಿ ಆಗ ವೀಣೆ ವೆಂಕಟಗಿರಿಯಪ್ಪನವರಿದ್ದರು. ವೀಣೆ ಶೇಷಣ್ಣನವರ ಶಿಷ್ಯರು, ಮೈಸೂರು ಬಾನಿಯ ಮಹಾವಾದಕರು. ಮೈಸೂರು ವಾಸುದೇವಾಚಾರ್ಯರಿದ್ದರು, ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಮನೆಯಲ್ಲಿದ್ದು, ಸೇವೆ ಮಾಡಿ ವಿದ್ಯೆ ಗಳಿಸಿದವರು. 1865ರಲ್ಲಿ ಹುಟ್ಟಿದ ಆಚಾರ್ಯರು ಅರಸರಿಗಿಂತ ಐವತ್ತನಾಲ್ಕು ವರ್ಷ ಹಿರಿಯರು. ಅರಸರು ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದರು. ಕೃತಿರಚನೆಯಲ್ಲಿ ವಾಸುದೇವಾಚಾರ್ಯರ ಮಾರ್ಗದರ್ಶನವನ್ನು ಪಡೆದರು. ಪಿಯಾನೋದಲ್ಲಿ ಲಂಡನ್ನಿನ ಪದವಿ ಪಡೆದವರು ಮತ್ತೆ ಮೊದಲಿನಿಂದ ಗುರುಮುಖೇನ ಕಲಿಯುವ ಶಿಷ್ಯರಾದರು.

ಇದರ ಮಹತ್ವವನ್ನು ತಿಳಿಯಬೇಕಾದರೆ ವಾದ್ಯಗಳ ಸ್ವಭಾವವನ್ನು ತಿಳಿಯಬೇಕು. ಪಿಯಾನೋದಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದು ಮನೆ. ಮನೆಯನ್ನು ಒತ್ತಿದರೆ ಸ್ವರ ಬರುತ್ತದೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹಾದಿಯಿಲ್ಲ. ಆದುದರಿಂದಲೇ ಅದನ್ನು ಬಿಂದುಗಳಲ್ಲಿ ಬರೆಯುವುದು ಸಾಧ್ಯ. ವೀಣೆಗೆ 24 ಮೆಟ್ಟಿಲುಗಳಿವೆ; ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿ. ಗಿಟಾರಿನ ಮೆಟ್ಟಿಲುಗಳ ಲೆಕ್ಕವೂ ಸ್ಥಾಯಿಗೆ ಹನ್ನೆರಡೇ. ಆ ದೃಷ್ಟಿಯಿಂದ ವೀಣೆಗೂ ಗೆರೆ ಸಂಖ್ಯೆಗಳ ಟ್ಯಾಬ್ ಬರೆಯಬಹುದಲ್ಲವೇ ಎಂದು ನನಗೂ ಅನ್ನಿಸಿತ್ತು. ಆದರೆ ವೈಣಿಕನು ಮೆಟ್ಟಿಲಿನ ಮೇಲೆ ಬೆರಳಿಟ್ಟು ಸುಮ್ಮನಾಗುವುದಿಲ್ಲ. ತಂತಿಯನ್ನು ಬದಿಗೆ ಎಳೆಯುತ್ತಾನೆ, ಸ್ವರವನ್ನು ತೂಗುತ್ತಾನೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾನೆ. ಎರಡು ರಾಗಗಳಲ್ಲಿ ಸ್ವರಗಳು ಒಂದೇ ಆಗಿದ್ದರೂ ಈ ತೂಗಾಟದಿಂದ ರಾಗ ಬೇರೆಯಾಗುತ್ತದೆ. ಸಂಖ್ಯೆ ಹೇಳುವುದು ಎಲ್ಲಿ ಎಂಬುದನ್ನು. ಹೇಗೆ ಎಂಬುದನ್ನು ಗುರು ನುಡಿಸಿ ತೋರಿಸಬೇಕು, ಶಿಷ್ಯ ಕೇಳಬೇಕು, ತಪ್ಪಬೇಕು, ತಿದ್ದಿಸಿಕೊಳ್ಳಬೇಕು.

ತಿದ್ದಿಸಿಕೊಳ್ಳುವುದು ಅರಸರಿಗೆ ಸುಲಭವಲ್ಲ. ಆಸ್ಥಾನದಲ್ಲಿ ವಿದ್ವಾಂಸರಿಗೆ ಅರಸರು ಅನ್ನದಾತರು. ಆದರೆ ವೀಣೆಯ ಮುಂದೆ ಕುಳಿತಾಗ ಬಲ್ಲವರು ವಿದ್ವಾಂಸರು, ಅರಿಯದವರು ಅರಸರು. ಈ ಅರಿವಿಲ್ಲದೆ ಯಾರಿಗೂ ಆ ವಿದ್ಯೆ ದಕ್ಕದು. ಒಡೆಯರಿಗೆ ಅದು ದಕ್ಕಿತೆಂಬುದಕ್ಕೆ ಅವರ 94 ಕೃತಿಗಳೇ ಸಾಕ್ಷಿ. ಎಲ್ಲವೂ ಸಂಸ್ಕೃತದಲ್ಲಿವೆ, ಶ್ರೀವಿದ್ಯಾ ಎಂಬುದು ಅವರ ಅಂಕಿತ. ದೇವಿಯ ಉಪಾಸಕರಾಗಿದ್ದುದರಿಂದ ಆ ಅಂಕಿತವನ್ನು ಆರಿಸಿಕೊಂಡರು. ಎಲ್ಲರೂ ಹಾಡುವ ರಾಗಗಳಲ್ಲಿ ಮಾತ್ರವಲ್ಲದೆ, ಜಯಸಂವರ್ಧಿನಿಯಂತಹ ವಿದ್ವಾಂಸರೂ ಅಪರೂಪಕ್ಕೆ ಎತ್ತಿಕೊಳ್ಳುವ ರಾಗಗಳಲ್ಲಿಯೂ ರಚಿಸಿದರು. ಗಂಭೀರನಾಟ ರಾಗದ ಅವರ ಕೃತಿಯನ್ನು ಇಂದಿಗೂ ಕಛೇರಿಗಳಲ್ಲಿ ಕೇಳಬಹುದು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ಅವರಿಗೆ ತನ್ನ ಫೆಲೋಷಿಪ್ಪನ್ನು ನೀಡಿ ಗೌರವಿಸಿತು.

ಅವರ ರಾಜಕೀಯ ಜೀವನದ ವಿವರಗಳು ಚರಿತ್ರೆಯ ಪುಸ್ತಕಗಳಲ್ಲಿ ಸಿಗುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. 1947ರಲ್ಲಿ ಮೈಸೂರು ಸಂಸ್ಥಾನವನ್ನು ಭಾರತದೊಡನೆ ಸೇರಿಸಿದರು. 1950ರಲ್ಲಿ ರಾಜಪ್ರಮುಖರಾದರು. 1956ನೆಯ ಇಸವಿ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ರಾಜ್ಯಪಾಲರಾದರು. ನಮ್ಮ ದಕ್ಷಿಣ ಕನ್ನಡವು ಅಲ್ಲಿಯವರೆಗೆ ಮದರಾಸಿಗೆ ಸೇರಿತ್ತು; ಮೈಸೂರಿನ ಅರಸರಿಗೂ ಕೊಲ್ಲಮೊಗ್ರಿಗೂ ಅಂದಿನ ಕಾಲದಲ್ಲಿ ಯಾವ ಸಂಬಂಧವೂ ಇರಲಿಲ್ಲ. ಆ ದಿನದಿಂದ ಅವರು ನಮ್ಮ ರಾಜ್ಯಪಾಲರೂ ಆದರು. 1964ರವರೆಗೆ ಇಲ್ಲಿ, ಬಳಿಕ 1966ರವರೆಗೆ ಮದರಾಸಿನಲ್ಲಿ ರಾಜ್ಯಪಾಲರಾಗಿದ್ದರು. 1974ನೆಯ ಇಸವಿ ಸೆಪ್ಟೆಂಬರ್ 23ರಂದು, ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೋ ಬಲ್ಲವರಾಗಿದ್ದು, ಬೆಂಗಳೂರಿನಲ್ಲಿ ಸಂಗೀತ ಮತ್ತು ಕಲೆಗಳಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು.

ಈ ಜೀವನಚರಿತ್ರೆಯಿಂದ ನಾನು ತಿಳಿದುಕೊಂಡದ್ದೇನು? ಲಿಪಿಯು ವ್ಯರ್ಥವೆಂದೇ? ಎಂದಿಗೂ ಅಲ್ಲ. ಲಿಪಿಯಿಲ್ಲದಿದ್ದರೆ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರನ ಮನಸ್ಸಿನಲ್ಲಿ ಮೂಡಿದ ನಾದವು ಮೈಸೂರಿನ ಅರಮನೆಯನ್ನು ಮುಟ್ಟುತ್ತಿರಲಿಲ್ಲ. ಸ್ಟ್ರಾಸನು ಸತ್ತ ಮೇಲೆ ಆತನ ಹಾಡುಗಳನ್ನು ಹಾಡಲು ಸಾಧ್ಯವಾದದ್ದು ಅವು ಹಾಳೆಯ ಮೇಲೆ ಇದ್ದುದರಿಂದಲೇ. ಆದರೆ ಹಾಳೆಯಲ್ಲಿ ಇಲ್ಲದ್ದೂ ವಿದ್ಯೆಯೇ. ಅದನ್ನು ಬಲ್ಲವರ ಬಳಿಗೆ ಹೋಗಿ ಕುಳಿತು ಪಡೆಯಬೇಕು. ಒಡೆಯರು ಎರಡನ್ನೂ ಗೌರವಿಸಿದರು. ಒಂದನ್ನು ಬಲ್ಲೆನೆಂಬ ಗರ್ವದಿಂದ ಇನ್ನೊಂದನ್ನು ಕೀಳಾಗಿ ಕಾಣಲಿಲ್ಲ. ನಾನು ಟ್ಯಾಬಿನ ಮೊದಲನೆಯ ಪುಟವನ್ನು ತಪ್ಪಾಗಿ ಓದಿಕೊಂಡೇ, ಐವತ್ತು ವರ್ಷ ಕೇಳಿ ಪಳಗಿದ ಕಿವಿಗೆ ಬುದ್ಧಿ ಹೇಳಹೊರಟಿದ್ದೆ.

ತಪ್ಪು ತಿಳಿದ ಮಾರನೆಯ ದಿನ ಸಾಯಂಕಾಲ ಜಗಲಿಯಲ್ಲಿ ಕುಳಿತು ಪಾಠವನ್ನು ಸರಿಯಾಗಿ ನುಡಿಸಿದೆ. ಐದನೆಯ ತಂತಿಯ ಮೂರನೆಯ ಮೆಟ್ಟಿಲಿನಿಂದ ಹೊರಟ ಸ್ವರಗಳು ಒಂದೊಂದಾಗಿ ಏರಿ ಎರಡನೆಯ ತಂತಿಗೆ ಬಂದು ನಿಂತುವು. ಅಪ್ಪ ತಲೆಯೆತ್ತಿ, ಈಗ ಅದು ಶಂಕರಾಭರಣ ಎಂದರು. ಪುಸ್ತಕದಲ್ಲಿ ಅದಕ್ಕೆ ಸಿ ಮೇಜರ್ ಎಂದು ಹೆಸರಿತ್ತು. ಪುಸ್ತಕವನ್ನು ನಾನೇ ತಪ್ಪಾಗಿ ಓದಿದ್ದೆನೆಂದೂ, ಅಂದು ಅವರು ಹೇಳಿದ್ದೇ ಸರಿಯೆಂದೂ ಹೇಳಿದೆ. ಅಪ್ಪ ಏನನ್ನೂ ಹೇಳಲಿಲ್ಲ. ಆದರೆ ಅಂದು ಅಡಿಕೆ ಸುಲಿಯುತ್ತ ಬಹಳ ಹೊತ್ತು ಅದೇ ರಾಗದ ಒಂದು ಪದ್ಯವನ್ನು ಹಾಡಿಕೊಂಡರು.

ಆ ಪದ್ಯವನ್ನೇ ನಾನು ಈಗ ಕಲಿಯುತ್ತಿದ್ದೇನೆ. ಅಪ್ಪ ಒಂದು ಸಾಲು ಹಾಡುತ್ತಾರೆ, ನಾನು ತಂತಿಯ ಮೇಲೆ ಹುಡುಕುತ್ತೇನೆ; ಸರಿಯಿಲ್ಲದಿದ್ದರೆ ಅವರು ತಲೆಯಾಡಿಸುತ್ತಾರೆ. ಅಪ್ಪನ ಸ್ವರ ಮೊದಲಿನಷ್ಟು ಎತ್ತರಕ್ಕೆ ಏರುವುದಿಲ್ಲ; ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಕಲಿತಷ್ಟನ್ನು ನೋಟುಪುಸ್ತಕದಲ್ಲಿ ಆರು ಗೆರೆ ಎಳೆದು ಸಂಖ್ಯೆಗಳಲ್ಲಿ ಬರೆದಿಡುತ್ತಿದ್ದೇನೆ. ಜಾರುವಲ್ಲಿ ಓರೆಗೆರೆ, ತಂತಿಯನ್ನು ಎಳೆಯುವಲ್ಲಿ ಬಾಗಿದ ಬಾಣ. ಎಷ್ಟು ಬಾಣ ಹಾಕಿದರೂ ಅಪ್ಪ ಸಾಲಿನ ಕೊನೆಯಲ್ಲಿ ಸ್ವರವನ್ನು ಇಳಿಬಿಡುವ ರೀತಿ ಹಾಳೆಗೆ ಬಂದಿಲ್ಲ. ಬಾರದಿರುವ ಕಡೆ ಅಪ್ಪನನ್ನು ಕೇಳಬೇಕು ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಆ ಗುರುತುಗಳೇ ಪುಟದಲ್ಲಿ ಹೆಚ್ಚಾಗಿವೆ.

ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಕೆಲಸವನ್ನು ಹುಡುಕಿಕೊಂಡು ಊರನ್ನೇ ಬಿಡಬೇಕಾದೀತು. ಅದಕ್ಕೆ ಮುಂಚೆ ಈ ನೋಟುಪುಸ್ತಕ ತುಂಬಬೇಕೆಂಬುದು ನನ್ನ ಆಸೆ. ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆಯುತ್ತಿರುವ ಸಹೋದರ ಸಹೋದರಿಯರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿಯೂ ಹಾಳೆಗೆ ಬಾರದ ಒಂದಿಲ್ಲೊಂದು ವಿದ್ಯೆ ಇರಬಹುದು. ಅದು ಹಾಡೇ ಆಗಬೇಕೆಂದಿಲ್ಲ. ಪದವಿಯ ಪತ್ರ ಕೈಗೆ ಬಂದ ಮೇಲೆ ಒಂದು ಸಾಯಂಕಾಲ ಅದನ್ನು ಬಲ್ಲವರ ಬಳಿ ಹೋಗಿ ಕುಳಿತುಕೊಳ್ಳಿ. ಅರಸರೊಬ್ಬರಿಗೆ ಕಡಮೆಯೆನಿಸದ ಕೆಲಸ ನಮಗೆ ಕಡಮೆಯಾಗಲಾರದು.